ನೂರು ಮರ, ಹತ್ತೇ ಅಪ್ಪಂದಿರು

ಶಿರಸಿ, ಸಿದ್ದಾಪುರದ ಕಡೆ ಅಡಿಕೆ ತೋಟದ ನಡುವೆ ಜಾಯಿಕಾಯಿ ಬೆಳೆಯುವವರನ್ನು ಕೇಳಿ ನೋಡಿ. ಬೀಜದಿಂದ ಎಬ್ಬಿಸಿದ ಸಸಿ ಗಂಡೋ ಹೆಣ್ಣೋ ಅನ್ನುವುದು ಹೂ ಬಿಡುವ ತನಕ ಗೊತ್ತಾಗುವುದಿಲ್ಲ. ಆರೇಳು ವರ್ಷ ಗೊಬ್ಬರ ನೀರು ಕೊಟ್ಟು ಸಾಕಿದ ಮೇಲೆ ಸುಮಾರು ಅರ್ಧದಷ್ಟು ಗಿಡ ಗಂಡಾಗಿ ನಿಲ್ಲುತ್ತದೆ, ಕಾಯಿ ಬಿಡುವುದಿಲ್ಲ. ಹಾಗಾಗಿ ಈಗ ಹೆಚ್ಚಿನವರು ಕಸಿ ಗಿಡವನ್ನೇ ತರುತ್ತಾರೆ. ಹತ್ತು ಹೆಣ್ಣಿಗೆ ಒಂದು ಗಂಡು ಸಾಕು ಅಂತ ಲೆಕ್ಕ ಹಾಕಿ, ಉಳಿದ ಗಂಡು ಮರದ ತಲೆ ಹಾರಿಸಿ ಅದಕ್ಕೆ ಹೆಣ್ಣಿನ ಕುಡಿ ಕಟ್ಟುವವರೂ ಇದ್ದಾರೆ. ತೋಟದ ಮಟ್ಟಿಗೆ ಇದರಲ್ಲಿ ತಪ್ಪೇನೂ ಇಲ್ಲ. ಬೆಳೆಗಾರನಿಗೆ ಬೇಕಿರುವುದು ಕಾಯಿ ಮತ್ತು ಪತ್ರೆ. ಆ ಕಾಯಿಯೊಳಗಿನ ಬೀಜಕ್ಕೆ ಅಪ್ಪ ಯಾರು ಅನ್ನುವುದು ಅವನಿಗೆ ಬೇಡದ ವಿಷಯ.

ಕಾಡಿಗೆ ಬೇಕಾದ ವಿಷಯ ಅದೇ.

ಅಳಿವಿನಂಚಿನ ಗಿಡಮರಗಳ ಸುದ್ದಿ ಬಂದಾಗಲೆಲ್ಲ ನಮ್ಮ ಕಣ್ಣು ಹೋಗುವುದು ತಲೆ ಎಣಿಕೆಯ ಕಡೆಗೆ. ಇಂಥ ಜಾತಿಯ ಇಷ್ಟು ಮರ ಉಳಿದಿವೆ, ಇಷ್ಟು ಸಾವಿರ ಸಸಿ ನೆಟ್ಟಿದ್ದಾರೆ, ಇಷ್ಟು ಬದುಕಿವೆ. ಎಣಿಕೆ ಬೇಡ ಅಂತ ನಾನು ಹೇಳುತ್ತಿಲ್ಲ. ಆದರೆ ನಿಂತಿರುವ ಮರಗಳಲ್ಲಿ ಎಷ್ಟು ಮರ ಅಪ್ಪ ಅಮ್ಮ ಆಗುತ್ತಿವೆ, ಯಾವ ಮರದ ಪರಾಗ ಯಾವ ಮರಕ್ಕೆ ಹೋಗುತ್ತಿದೆ ಅಂತ ನೋಡದೆ ಬರೀ ತಲೆ ಎಣಿಸಿದರೆ, ಸಸಿ ನೆಟ್ಟೂ ನೆಟ್ಟೂ ಜಾತಿಯನ್ನು ಬಡವಾಗಿಸುವ ಕೆಲಸವನ್ನು ನಾವೇ ಮಾಡಿರುತ್ತೇವೆ.

ಜಾಯಿಕಾಯಿಯ ದಾಯಾದಿಗಳು ನಮ್ಮ ಪಶ್ಚಿಮ ಘಟ್ಟದಲ್ಲೇ ಇವೆ. ರಾಮಪತ್ರೆ ನಿಮಗೆ ಗೊತ್ತಿರಬಹುದು. ಅದರ ನೆಂಟರಲ್ಲಿ ಕೆಲವು ನೀರು ನಿಲ್ಲುವ ಕಣಿವೆಗಳಲ್ಲಿ ಮಾತ್ರ ಬದುಕುತ್ತವೆ. ಅಂಥ ಜಾಗಕ್ಕೆ ಉತ್ತರ ಕನ್ನಡದಲ್ಲಿ ರಾಮಪತ್ರೆ ಜಡ್ಡಿ ಅನ್ನುತ್ತಾರೆ. ಹೊನ್ನಾವರದಿಂದ ಜೋಗಕ್ಕೆ ಹೋಗುವ ದಾರಿಯಲ್ಲಿ ಸಿಗುವ ಕತ್ತಲೆಕಾನು ಇದರಲ್ಲಿ ಹೆಸರುವಾಸಿ. ಆರದ ಒರತೆ, ಕಾಲಿಟ್ಟರೆ ಒಳಗೆ ಎಳೆಯುವ ಕಪ್ಪು ಕೆಸರು, ಆ ಕೆಸರಿನಿಂದ ಬಾಗಿ ಮೇಲೆ ಬಂದು ಮತ್ತೆ ಕೆಸರಿಗೇ ಇಳಿಯುವ ಮಂಡಿಬೇರುಗಳು. ಕೆಸರಲ್ಲಿ ಗಾಳಿ ಇಲ್ಲ, ಹಾಗಾಗಿ ಬೇರೇ ಉಸಿರಾಡಲು ಹೊರಗೆ ಬರುತ್ತದೆ. ಇಲ್ಲಿ ಸಿಕ್ಕ, ಮಾವು–ಗೋಡಂಬಿ ಕುಟುಂಬಕ್ಕೆ ಸೇರಿದ ಒಂದು ದೊಡ್ಡ ಮರವನ್ನು 2000ದಲ್ಲಿ ಹೊಸ ಜಾತಿ ಅಂತ ಗುರುತಿಸಿ, ಊರಿನ ಹೆಸರನ್ನೇ ಸೇರಿಸಿ ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್ ಅಂತ ಕರೆದರು. ಇಷ್ಟು ದೊಡ್ಡ ಮರ, ಹೆದ್ದಾರಿಯ ಮಗ್ಗುಲಲ್ಲೇ ಇದ್ದರೂ ವಿಜ್ಞಾನದ ಕಣ್ಣಿಗೆ ಬಿದ್ದದ್ದು ಇಷ್ಟು ತಡವಾಗಿ. ಅದೂ ಬೆರಳೆಣಿಕೆಯ ಜಡ್ಡಿಗಳಲ್ಲಿ ಮಾತ್ರ ಉಳಿದಿದೆ.

ಜಡ್ಡಿಗಳು ಇರುವುದು ಕಣಿವೆಯ ತಳದಲ್ಲಿ, ನೀರು ಇರುವಲ್ಲಿ. ಹಾಗಾಗಿ ಗದ್ದೆಗೂ ತೋಟಕ್ಕೂ ಮೊದಲು ಹೋದದ್ದು ಅವೇ. ಇವತ್ತು ಉಳಿದಿರುವುದು ಅಲ್ಲೊಂದು ಇಲ್ಲೊಂದು ತುಂಡು. ಒಂದೊಂದು ತುಂಡಿನಲ್ಲಿ ಕೆಲವೇ ಮರ, ನಡುವೆ ಗುಡ್ಡ, ರಸ್ತೆ, ತೋಟ. ಜಾಯಿಕಾಯಿಯ ಹಾಗೆ ಇವುಗಳಲ್ಲೂ ಗಂಡು ಹೆಣ್ಣು ಬೇರೆ ಬೇರೆ ಮರ. ಒಂದು ತುಂಡಿನಲ್ಲಿ ಉಳಿದವು ಬಹುಪಾಲು ಹೆಣ್ಣೇ ಆದರೆ, ಅಥವಾ ಬಹುಪಾಲು ಗಂಡೇ ಆದರೆ ಏನು ಕಥೆ?

ಇದಕ್ಕೆ ಒಂದು ಹಳೇ ಲೆಕ್ಕ ಇದೆ. ಗಂಡಿನ ಸಂಖ್ಯೆ, ಹೆಣ್ಣಿನ ಸಂಖ್ಯೆ ಎರಡನ್ನೂ ಗುಣಿಸಿ, ಅದನ್ನು ನಾಲ್ಕರಿಂದ ಗುಣಿಸಿ, ಒಟ್ಟು ಮರಗಳ ಸಂಖ್ಯೆಯಿಂದ ಭಾಗಿಸಬೇಕು. ನೂರು ಮರದಲ್ಲಿ 50 ಗಂಡು 50 ಹೆಣ್ಣು ಇದ್ದರೆ ಉತ್ತರ ನೂರೇ. 90 ಹೆಣ್ಣು, 10 ಗಂಡು ಆದರೆ? ಉತ್ತರ 36. ಅಂದರೆ ನಿಂತಿರುವುದು ನೂರು ಮರ, ಆದರೆ ಮುಂದಿನ ಪೀಳಿಗೆಯ ಜೀನ್‌ಗಳ ಲೆಕ್ಕಕ್ಕೆ ಅದು 36 ಮರದ ಕಾಡು. ಹುಟ್ಟುವ ಪ್ರತಿ ಸಸಿಯ ಅರ್ಧ ಜೀನ್ ಬರುವುದು ಆ ಹತ್ತು ಅಪ್ಪಂದಿರಿಂದಲೇ ಅಲ್ವಾ? ಈ ಲೆಕ್ಕಕ್ಕೆ ಬರುವ ಸಂಖ್ಯೆಗೆ ಎಫೆಕ್ಟಿವ್ ಪಾಪ್ಯುಲೇಶನ್ ಅನ್ನುತ್ತಾರೆ. ವಾಸ್ತವದಲ್ಲಿ ಇದು ಇನ್ನೂ ಕೆಳಗೆ ಇಳಿಯುತ್ತದೆ. ಎಲ್ಲ ಹೆಣ್ಣು ಮರವೂ ಸಮನಾಗಿ ಕಾಯಿ ಬಿಡುವುದಿಲ್ಲ. ಬೆಳಕು ಸಿಕ್ಕ ಎರಡು ಮರ ರಾಶಿ ಕಾಯಿ ಬಿಟ್ಟರೆ, ನೆರಳಿಗೆ ಸಿಕ್ಕ ಇಪ್ಪತ್ತು ಮರ ಖಾಲಿ ನಿಂತಿರುತ್ತವೆ. ಸಾಮಾನ್ಯವಾಗಿ ಲೆಕ್ಕಕ್ಕೆ ಬರುವ ಸಂಖ್ಯೆ ಕಣ್ಣಿಗೆ ಕಾಣುವ ಬೆಳೆದ ಮರಗಳ ಹತ್ತನೇ ಒಂದು ಭಾಗ ಅಂತ ಅಂದಾಜು ಹಾಕುತ್ತಾರೆ.

ಶ್ರೀಗಂಧದ ಕಥೆ ಬೇರೆ ರೀತಿಯದು, ಆದರೆ ಮೋಸ ಅದೇ. ಅದರ ಬೇರಿನಿಂದಲೇ ಹೊಸ ಚಿಗುರು ಏಳುತ್ತದೆ. ಕಳ್ಳರು ಮರ ಕಿತ್ತುಕೊಂಡು ಹೋದ ಜಾಗದಲ್ಲಿ ಎಂಟು ಹತ್ತು ಗಿಡ ಎದ್ದಿರುವುದನ್ನು ನೋಡಿ ಖುಷಿಪಡುತ್ತೇವೆ. ಅವೆಲ್ಲ ಅದೇ ಒಂದು ಮರ. ಎಣಿಕೆಯಲ್ಲಿ ಹತ್ತು, ಜೀನಿನ ಲೆಕ್ಕದಲ್ಲಿ ಒಂದು.

ಲೆಕ್ಕಕ್ಕೆ ಬರುವ ಸಂಖ್ಯೆ ಇಳಿದರೆ ಎರಡು ತೊಂದರೆ ಶುರುವಾಗುತ್ತವೆ. ಮೊದಲನೆಯದು ನಿಧಾನದ್ದು. ಪ್ರತಿ ಪೀಳಿಗೆಯಲ್ಲೂ ಸ್ವಲ್ಪ ವೈವಿಧ್ಯ ಸುಮ್ನೆ ಅದೃಷ್ಟದ ಆಟದಲ್ಲಿ ಉದುರಿ ಹೋಗುತ್ತದೆ. ಸಂಖ್ಯೆ 36 ಇದ್ದರೆ ಒಂದು ಪೀಳಿಗೆಗೆ ಸುಮಾರು 1.4 ಶೇಕಡಾ, ಐದೇ ಇದ್ದರೆ 10 ಶೇಕಡಾ. ಯಾವುದೋ ರೋಗವನ್ನು ತಡೆಯುವ, ಬರವನ್ನು ತಾಳುವ ಜೀನ್ ಒಂದೇ ಒಂದು ಮರದಲ್ಲಿದ್ದು, ಆ ಮರ ಗಾಳಿಗೆ ಬಿದ್ದರೆ ಮುಗಿಯಿತು. ಅದು ಕೆಟ್ಟದ್ದು ಅಂತ ಹೋದದ್ದಲ್ಲ, ಬರೀ ಗ್ರಹಚಾರ.

ಎರಡನೆಯದು ಬೇಗ ಕಾಣುವಂಥದ್ದು. ಅಕ್ಕಪಕ್ಕದ ಮರಗಳೆಲ್ಲ ಒಂದೇ ತಾಯಿಯ ಮಕ್ಕಳಾದಾಗ ಅಣ್ಣ ತಂಗಿಯರ ನಡುವೆಯೇ ಪರಾಗ ಓಡಾಡುತ್ತದೆ. ಎಲ್ಲ ಮರದಲ್ಲೂ ಒಂದಷ್ಟು ಕೆಟ್ಟ ಜೀನ್‌ಗಳು ಅಡಗಿರುತ್ತವೆ. ಜತೆಗೆ ಅದರ ಒಳ್ಳೆಯ ಪ್ರತಿ ಇರುವ ತನಕ ತೊಂದರೆ ಇಲ್ಲ. ಅಪ್ಪನ ಕಡೆಯಿಂದಲೂ ಅಮ್ಮನ ಕಡೆಯಿಂದಲೂ ಅದೇ ಕೆಟ್ಟ ಪ್ರತಿ ಬಂದರೆ ಮಾತ್ರ ಬಣ್ಣ ಬಯಲಾಗುತ್ತದೆ. ನರ್ಸರಿ ಕೆಲಸ ಮಾಡಿದವರು ಅಪರೂಪಕ್ಕೆ ಒಂದು ಅಚ್ಚ ಬಿಳಿ ಸಸಿ ಕಂಡಿರುತ್ತಾರೆ. ಮೊಳಕೆ ಸರಿಯಾಗಿಯೇ ಬಂದಿರುತ್ತದೆ, ಎಲೆಯೂ ಬಿಚ್ಚಿರುತ್ತದೆ, ಆದರೆ ಹಸಿರು ಅನ್ನುವುದೇ ಇಲ್ಲ. ಬೀಜದೊಳಗಿನ ಬುತ್ತಿ ಇರುವಷ್ಟು ದಿನ ನಿಂತು ಆಮೇಲೆ ಸಾಯುತ್ತದೆ. ಇಂಥದ್ದು ಕಣ್ಣಿಗೆ ಬೀಳುತ್ತದೆ. ಕಣ್ಣಿಗೆ ಬೀಳದ್ದು ಜಾಸ್ತಿ: ಜೊಳ್ಳು ಬೀಜ, ಮೊಳೆಯದ ಬೀಜ, ಮೊದಲ ಬೇಸಿಗೆ ದಾಟದ ಸಸಿ. ಇದನ್ನೆಲ್ಲ ನಾವು ಮಳೆ ಕಡಿಮೆ ಆಯ್ತು, ದನ ಮೇಯ್ತು ಅಂತ ಬರೆದುಬಿಡುತ್ತೇವೆ.

ಇನ್ನು ಕೆಲವು ಗಿಡಗಳಲ್ಲಿ ಬೀಜವೇ ಕಟ್ಟುವುದಿಲ್ಲ. ಅಮೆರಿಕದ ದೊಡ್ಡ ಸರೋವರಗಳ ದಂಡೆಯ ಸುಣ್ಣಕಲ್ಲಿನ ನೆಲದಲ್ಲಿ ಲೇಕ್‌ಸೈಡ್ ಡೈಸಿ ಅನ್ನುವ ಪುಟ್ಟ ಹಳದಿ ಹೂವಿನ ಗಿಡ ಇದೆ. ಇಲಿನಾಯ್ ರಾಜ್ಯದಲ್ಲಿ ಉಳಿದಿದ್ದ ಅದರ ಒಂದೇ ಗುಂಪು ಹದಿನೈದು ವರ್ಷಕ್ಕೂ ಮೇಲ್ಪಟ್ಟು ಒಂದು ಬೀಜವನ್ನೂ ಕೊಟ್ಟಿರಲಿಲ್ಲ. ಹೂ ಬಿಡುತ್ತಿತ್ತು, ಹುಳುಗಳು ಬರುತ್ತಿದ್ದವು, ಬೀಜ ಇಲ್ಲ. ಕಾರಣ ಏನೆಂದರೆ ಈ ಜಾತಿಯಲ್ಲಿ ಗೋತ್ರ ನೋಡುವ ಪದ್ಧತಿ ಇದೆ. ಪರಾಗದ ಮೇಲಿರುವ ಗುರುತು ಹೂವಿನ ಗುರುತಿಗೆ ಒಂದೇ ಆಗಿದ್ದರೆ ಹೂವು ಆ ಪರಾಗವನ್ನು ಒಳಗೇ ಬಿಡುವುದಿಲ್ಲ. ಸ್ವಂತ ಪರಾಗವನ್ನೂ, ಹತ್ತಿರದ ನೆಂಟರ ಪರಾಗವನ್ನೂ ದೂರ ಇಡಲು ಗಿಡ ಮಾಡಿಕೊಂಡ ಉಪಾಯ ಅದು. ಸಾವಿರಾರು ಗಿಡ ಇದ್ದಾಗ ಹತ್ತಾರು ಗೋತ್ರ ಇರುತ್ತವೆ, ಸಂಬಂಧಕ್ಕೆ ಬರವಿಲ್ಲ. ಇಲಿನಾಯ್‌ನಲ್ಲಿ ಉಳಿದ ಗಿಡಗಳೆಲ್ಲ ಒಂದೇ ಗೋತ್ರದವಾಗಿದ್ದವು. ಒಹಾಯೊ ರಾಜ್ಯದ ಗಿಡಗಳ ಪರಾಗ ತಂದು ಮುಟ್ಟಿಸಿದ ಮೇಲೆ ಬೀಜ ಕಟ್ಟಿತು. ಈ ಅಧ್ಯಯನ ಪ್ರಕಟವಾದದ್ದು 1993ರಲ್ಲಿ. ಹೊರಗಿನಿಂದ ನೋಡಿದರೆ ಗಿಡ ಗಟ್ಟಿಮುಟ್ಟಾಗಿದೆ, ಹೂವೂ ಇದೆ, ಆದರೆ ಜಾತಿ ಅಲ್ಲಿ ಮುಗಿದೇಹೋಗಿತ್ತು.

ದಕ್ಷಿಣ ಆಫ್ರಿಕಾದ, ನೋಡಲು ತಾಳೆಯಂತಿರುವ ವುಡ್ಸ್ ಸೈಕಾಡ್ ಅನ್ನುವ ಗಿಡ ಇದಕ್ಕಿಂತ ಒಂದು ಹೆಜ್ಜೆ ಮುಂದೆ. 1895ರಲ್ಲಿ ಜಾನ್ ಮೆಡ್ಲಿ ವುಡ್ ಅನ್ನುವ ಸಸ್ಯಶಾಸ್ತ್ರಜ್ಞರಿಗೆ ನ್ಗೋಯೆ ಕಾಡಿನಲ್ಲಿ ಸಿಕ್ಕಿದ್ದು ಒಂದೇ ಗಂಡು ಗಿಡ. ಇವತ್ತು ಜಗತ್ತಿನ ಸಸ್ಯೋದ್ಯಾನಗಳಲ್ಲಿ ಇರುವುದೆಲ್ಲ ಅದರ ಮರಿಗಳನ್ನು ಕಿತ್ತು ಬೆಳೆಸಿದ್ದು. ಹೆಣ್ಣು ಇವತ್ತಿನವರೆಗೂ ಸಿಕ್ಕಿಲ್ಲ, ಈಗ ಡ್ರೋನ್ ಹಾರಿಸಿ ಹುಡುಕುತ್ತಿದ್ದಾರೆ.

ದೂರದ ಮಾತು ಸಾಕು. ನಮ್ಮ ಕೊಡಗಿನಲ್ಲೇ ಇದರ ಬಗ್ಗೆ ಒಂದು ಒಳ್ಳೆಯ ಕೆಲಸ ಆಗಿದೆ, ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಬಿಳಿ ದೇವದಾರಿ ಅನ್ನುವ ಮರ, ಬೇವಿನ ಕುಟುಂಬದ್ದು, ಒಳ್ಳೆಯ ನಾಟಾ ಕೊಡುತ್ತದೆ, ಅದಕ್ಕೇ ಅಪಾಯದಲ್ಲಿದೆ. ಕಾಫಿ ತೋಟಗಳ ನಡುವೆ, ದೇವರಕಾಡುಗಳಲ್ಲಿ ಅಲ್ಲಲ್ಲಿ ಉಳಿದಿದೆ. ಜ್ಯೂರಿಕ್‌ನ ವಿಜ್ಞಾನಿಗಳು, ಪೊನ್ನಂಪೇಟೆ ಅರಣ್ಯ ಕಾಲೇಜಿನವರು, ಬೆಂಗಳೂರಿನವರು ಸೇರಿ 216 ಚದರ ಕಿಲೋಮೀಟರ್ ಜಾಗದಲ್ಲಿ ಈ ಮರಗಳ ಡಿಎನ್‌ಎ ತೆಗೆದು, ಬೀಜಗಳಿಗೆ ಅಪ್ಪ ಯಾರು ಅಂತ ಪತ್ತೆ ಮಾಡಿದರು. 2012ರಲ್ಲಿ ಪ್ರಕಟವಾಯಿತು. ತಾಯಿ ಯಾರೆಂದು ಗೊತ್ತಿದೆ, ಬೀಜ ಅವಳದ್ದೇ. ಬೀಜದ ಡಿಎನ್‌ಎಯಲ್ಲಿ ತಾಯಿಯದ್ದನ್ನು ಕಳೆದರೆ ಉಳಿಯುವುದು ಅಪ್ಪನದ್ದು. ಅದು ಯಾವ ಮರಕ್ಕೆ ಹೊಂದುತ್ತದೆ ಅಂತ ಹುಡುಕುವುದು.

ಸಿಕ್ಕ ಫಲಿತಾಂಶ ನಾವು ಅಂದುಕೊಳ್ಳುವಂಥದ್ದಲ್ಲ. ಎಲ್ಲಕ್ಕಿಂತ ಕಷ್ಟದಲ್ಲಿರುವುದು ಒಂಟಿ ಮರ ಅಂತ ಯಾರಿಗಾದರೂ ಅನ್ನಿಸುತ್ತದೆ. ಆದರೆ ಒಂಟಿ ಮರಗಳಿಗೆ ಐದು ಕಿಲೋಮೀಟರಿಗೂ ಆಚೆಯಿಂದ, ಬೇರೆ ಬೇರೆ ಅಪ್ಪಂದಿರ ಪರಾಗ ಬರುತ್ತಿತ್ತು. ತೊಂದರೆ ಇದ್ದದ್ದು ಮರಗಳು ವಿರಳವಾಗಿರುವ ಸಣ್ಣ ಕಾಡಿನ ತುಂಡುಗಳಲ್ಲಿ. ಅಲ್ಲಿ ಮರಗಳು ಪಕ್ಕದ ಮರದ ಜತೆಯೇ ಹೆಚ್ಚು ಕೂಡುತ್ತಿದ್ದವು, ಪಕ್ಕದ್ದು ನೆಂಟನೇ ಆಗಿರುತ್ತಿತ್ತು. ಯೋಚಿಸಿದರೆ ಅರ್ಥವಾಗುವಂಥದ್ದೇ. ಬೀಜ ಹೆಚ್ಚು ದೂರ ಹೋಗದೆ ತಾಯಿಯ ಸುತ್ತಲೇ ಬಿದ್ದು ಬೆಳೆದರೆ ಅಕ್ಕಪಕ್ಕದವರೆಲ್ಲ ಒಂದೇ ಮನೆಯವರು. ನಾಲ್ಕು ಹೆಜ್ಜೆಯಲ್ಲಿ ಇನ್ನೊಂದು ಹೂಬಿಟ್ಟ ಮರ ಇದ್ದರೆ ಹುಳು ದೂರ ಹಾರುವುದು ಯಾಕೆ? ಒಂಟಿ ಮರಕ್ಕೆ ಬರುವ ಹುಳು ಮಾತ್ರ ಎಲ್ಲೋ ದೂರದಿಂದಲೇ ಬಂದಿರಬೇಕು.

ಇದರಿಂದ ಎರಡು ಮಾತು ಹೊರಡುತ್ತವೆ. ಕಾಫಿ ತೋಟದ ನಡುವೆ ನಿಂತ ಒಂದು ಹಳೇ ಕಾಡುಮರವನ್ನು 'ಇದೊಂದರಿಂದ ಏನಾಗುತ್ತೆ' ಅಂತ ಕಡಿದು ಸಿಲ್ವರ್ ಓಕ್ ಹಾಕಿದರೆ, ಹೋಗುವುದು ಒಂದು ಮರ ಅಲ್ಲ, ಎರಡು ದೇವರಕಾಡುಗಳ ನಡುವಿನ ಪರಾಗದ ದಾರಿ. ಎರಡನೆಯದು, ಬೀಜ ಆರಿಸುವವರು ಸುಲಭಕ್ಕೆ ಸಿಗುತ್ತದೆ ಅಂತ ಸಣ್ಣ ಕಾಡಿನ ತುಂಡಿಗೇ ಹೋದರೆ ತರುವುದು ನೆಂಟರ ಮಕ್ಕಳನ್ನೇ.

ಇದೇ ಅಧ್ಯಯನದಲ್ಲಿ ಇನ್ನೊಂದು ಸಂಗತಿ ಇದೆ. ದೊಡ್ಡ ಮರಗಳನ್ನೂ ಎಳೆಯ ಗಿಡಗಳನ್ನೂ ಹೋಲಿಸಿದಾಗ, ಎಳೆಯವುಗಳಲ್ಲಿ ಗುಂಪು ಗುಂಪಾಗಿ ನೆಂಟಸ್ತಿಕೆ ಜಾಸ್ತಿ ಆಗಿತ್ತು. ಮರಗಳ ವಿಷಯದಲ್ಲಿ ನಾವು ಮೋಸ ಹೋಗುವುದು ಇಲ್ಲೇ. ನೂರಿನ್ನೂರು ವರ್ಷದ ಮರ ಹುಟ್ಟಿದ್ದು ಕಾಡು ಒಂದೇ ಹರವಾಗಿದ್ದಾಗ. ಅದರ ಡಿಎನ್‌ಎ ನೋಡಿ 'ವೈವಿಧ್ಯ ಚೆನ್ನಾಗಿದೆ' ಅಂತ ವರದಿ ಬರೆದರೆ, ಅದು ಅಜ್ಜನ ಕಾಲದ ಕಾಡಿನ ವರದಿ. ಕಾಡು ತುಂಡಾದ ಮೇಲೆ ಏನಾಗಿದೆ ಅಂತ ತಿಳಿಯಬೇಕಾದರೆ ಕೆಳಗೆ ಬಿದ್ದಿರುವ ಬೀಜ, ಮೊಣಕಾಲೆತ್ತರದ ಸಸಿ ನೋಡಬೇಕು.

ಇಲ್ಲಿ ಒಂದು ಎದುರು ಪ್ರಶ್ನೆ ಬರುತ್ತದೆ, ಬರಲೇಬೇಕು. ವೈವಿಧ್ಯ ಅಷ್ಟು ಮುಖ್ಯವಾದರೆ ಆಸ್ಟ್ರೇಲಿಯಾದ ವೊಲೆಮಿ ಪೈನ್ ಹೇಗೆ ಬದುಕಿದೆ? 1994ರಲ್ಲಿ ಒಂದು ಕಮರಿಯೊಳಗೆ ಸಿಕ್ಕ ಆ ಜಾತಿಯಲ್ಲಿ ಬೆಳೆದ ಮರಗಳೇ ನೂರಕ್ಕಿಂತ ಕಡಿಮೆ, ಅವುಗಳ ನಡುವೆ ಜೀನಿನ ವ್ಯತ್ಯಾಸ ಸಿಗುವುದೇ ಕಷ್ಟ. ಹೌದು, ಬದುಕಿದೆ. ಬಹಳ ಕಾಲ ಸಣ್ಣ ಗುಂಪಾಗಿಯೇ ಇದ್ದ ಜಾತಿಗಳಲ್ಲಿ ತೀರಾ ಕೆಟ್ಟ ಜೀನ್‌ಗಳು ಸೋಸಿ ಹೋಗಿರುವುದು ಉಂಟು. ಆದರೆ ಬೇರು ಕೊಳೆಸುವ ಫೈಟಾಫ್ತೊರಾ ಆ ಮರಗಳಿಗೆ ತಗುಲಿದಾಗ ಕಾವಲಿನವರಿಗೆ ನಡುಕ ಹುಟ್ಟಿದ್ದು ಸುಮ್ನೆ ಅಲ್ಲ. ಒಂದಕ್ಕೆ ತಡೆಯುವ ಶಕ್ತಿ ಇಲ್ಲದಿದ್ದರೆ ಯಾವುದಕ್ಕೂ ಇಲ್ಲ ಅಂತಲೇ ಅರ್ಥ. ಅಡಿಕೆಗೆ ಕೊಳೆ ತರುವುದೂ ಇದೇ ಫೈಟಾಫ್ತೊರಾ ಬಳಗ, ಹಾಗಾಗಿ ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮ ಜಡ್ಡಿ ಮರಗಳ ಕಥೆ ವೊಲೆಮಿಯಂತೆ ಅಲ್ಲ. ಅವು ಮೊನ್ನೆ ಮೊನ್ನೆಯವರೆಗೆ ಕಣಿವೆಯಿಂದ ಕಣಿವೆಗೆ ಪರಾಗ, ಬೀಜ ಹಂಚಿಕೊಂಡು ಇದ್ದು ಈಗ ಇದ್ದಕ್ಕಿದ್ದಂತೆ ತುಂಡಾದವು. ಸೋಸಿಕೊಳ್ಳಲು ಅವುಗಳಿಗೆ ಸಮಯವೇ ಸಿಕ್ಕಿಲ್ಲ.

ಹಾಗಾದರೆ ಪರಿಹಾರ ಏನು ಅಂದರೆ, ಬೇರೆ ತುಂಡಿನ ಪರಾಗವನ್ನೋ ಬೀಜವನ್ನೋ ತಂದು ಬೆರೆಸುವುದು. ಇದಕ್ಕೆ ಒಂದು ಹೆದರಿಕೆ ಇದೆ: ದೂರದ್ದನ್ನು ಬೆರೆಸಿದರೆ ಸ್ಥಳೀಯ ಗುಣ ಕೆಡುತ್ತದೆ, ಎರಡಕ್ಕೂ ಹೊಂದದ ಮಕ್ಕಳು ಹುಟ್ಟುತ್ತವೆ ಅಂತ. ತೀರಾ ಬೇರೆ ಹವೆ, ಬೇರೆ ಮಣ್ಣಿನಲ್ಲಿ ಸಾವಿರಾರು ವರ್ಷದಿಂದ ಬೇರೆಯಾಗಿಯೇ ಇದ್ದವನ್ನು ಬೆರೆಸಿದರೆ ಆ ಅಪಾಯ ನಿಜ. ಆದರೆ ಈ ಹೆದರಿಕೆಯನ್ನು ಅಗತ್ಯಕ್ಕಿಂತ ಜಾಸ್ತಿ ಬೆಳೆಸಿದ್ದೇವೆ ಅಂತ ನನಗನ್ನಿಸುತ್ತದೆ. ತಳಿವಿಜ್ಞಾನಿ ರಿಚರ್ಡ್ ಫ್ರಾಂಕಮ್ 2015ರಲ್ಲಿ ಪ್ರಾಣಿ ಸಸ್ಯ ಎರಡೂ ಸೇರಿ ಇಂಥ ಬೆರಕೆಯ 156 ಹೋಲಿಕೆಗಳನ್ನು ಒಟ್ಟು ಹಾಕಿ ನೋಡಿದಾಗ 145ರಲ್ಲಿ ಲಾಭವೇ ಆಗಿತ್ತು. ಅಪಾಯ ಕಡಿಮೆ ಅನ್ನಿಸಿದ ಕಡೆಗಳಿಂದಲೇ ಆರಿಸಿದ ಹೋಲಿಕೆಗಳು ಅವು, ಅದನ್ನು ಮರೆಯಬಾರದು. ಆದರೂ ಒಂದು ಜಡ್ಡಿಯಿಂದ ಹತ್ತಿಪ್ಪತ್ತು ಕಿಲೋಮೀಟರ್ ದೂರದ ಇನ್ನೊಂದು ಜಡ್ಡಿಗೆ, ಅದೂ ಕಾಡು ತುಂಡಾಗಿ ಮರದ ಒಂದೆರಡು ಪೀಳಿಗೆಯೂ ಆಗಿಲ್ಲದಿರುವಾಗ, ಸಸಿ ಸಾಗಿಸಲು ಹಿಂಜರಿಯುವುದು ಯಾಕೆ ಅಂತ ನನಗೆ ಅರ್ಥವಾಗುವುದಿಲ್ಲ. ಹಿಂದೆ ಇದೇ ಕೆಲಸವನ್ನು ಮಂಗಟ್ಟೆ ಹಕ್ಕಿ ಮಾಡುತ್ತಿತ್ತು, ಯಾರ ಅನುಮತಿಯನ್ನೂ ಕೇಳದೆ.

ನಿಜವಾದ ಎಡವಟ್ಟು ಆಗುವುದು ನರ್ಸರಿಯಲ್ಲಿ. ಅಪರೂಪದ ಮರದ ಬೀಜ ಬೇಕು ಅಂದಾಗ ಏನಾಗುತ್ತದೆ? ರಸ್ತೆಗೆ ಹತ್ತಿರ ಇರುವ, ಪ್ರತಿ ವರ್ಷ ಚೆನ್ನಾಗಿ ಕಾಯಿ ಬಿಡುವ ಒಂದೆರಡು ಮರ ಎಲ್ಲರಿಗೂ ಗೊತ್ತಿರುತ್ತದೆ. ಅದರ ಬುಡಕ್ಕೆ ಹೋಗಿ ಒಂದು ಚೀಲ ತುಂಬಿಕೊಂಡು ಬರುತ್ತಾರೆ. ನರ್ಸರಿಯಲ್ಲಿ ಪ್ಲಾಸ್ಟಿಕ್ ಕೊಟ್ಟೆಗೆ ಮಣ್ಣು ತುಂಬಿ ಬೀಜ ಊರುತ್ತಾರೆ, ಸಾಲಾಗಿ ಜೋಡಿಸಿ ಜಾತಿಯ ಹೆಸರು ಬರೆದ ಬೋರ್ಡ್ ಒಂದು ನೆಡುತ್ತಾರೆ. ಐನೂರು ಸಸಿ ತಯಾರು. ಈ ಐನೂರಕ್ಕೂ ಅಮ್ಮ ಒಬ್ಬಳೇ, ಅಪ್ಪಂದಿರು ಪಕ್ಕದ ಒಬ್ಬರೋ ಇಬ್ಬರೋ. ಇವನ್ನೇ ಒಂದು ಜಡ್ಡಿಯ ಸುತ್ತ ನೆಟ್ಟರೆ ಮೂವತ್ತು ವರ್ಷದ ಮೇಲೆ ಅಲ್ಲಿ ಹಾರಾಡುವ ಪರಾಗದಲ್ಲಿ ಬಹುಪಾಲು ಒಂದೇ ಮನೆಯದು. ಮೊದಲಿದ್ದ ಹಳೇ ಮರಗಳ ಪಾಲು ಇನ್ನಷ್ಟು ಇಳಿಯುತ್ತದೆ. ನೆಡದೇ ಇದ್ದಿದ್ದರೇ ಚೆನ್ನಾಗಿತ್ತು ಅನ್ನುವಷ್ಟು ದೂರ ನಾನು ಹೋಗುವುದಿಲ್ಲ, ಆದರೆ ಹತ್ತಿರ ಹತ್ತಿರ ಅಷ್ಟೇ.

ಬೀಜ ಸಂಗ್ರಹಿಸುವವರಿಗೆ ಸಾಮಾನ್ಯವಾಗಿ ಹೇಳುವ ಮಾತು, ಒಂದು ಗುಂಪಿನಿಂದ 50 ಗಿಡಗಳ ಬೀಜ ತನ್ನಿ ಅಂತ. ಇರುವುದೇ ಹದಿನೈದು ಹೆಣ್ಣು ಮರವಾದರೆ ಹದಿನೈದರಿಂದಲೂ ತರಬೇಕು, ಅದಕ್ಕಿಂತ ಮುಖ್ಯವಾಗಿ ಎಲ್ಲದರಿಂದಲೂ ಸಮ ಸಮ ನೆಡಬೇಕು. ಇದರ ಹಿಂದಿನ ಲೆಕ್ಕ ತುಂಬ ಸೊಗಸಾಗಿದೆ. ಪ್ರತಿ ಅಪ್ಪ ಅಮ್ಮನಿಗೂ ಸಮನಾದ ಸಂಖ್ಯೆಯ ಮಕ್ಕಳು ಉಳಿಯುವಂತೆ ನೋಡಿಕೊಂಡರೆ, ಲೆಕ್ಕಕ್ಕೆ ಬರುವ ಸಂಖ್ಯೆ ಹೆಚ್ಚುಕಡಿಮೆ ಇಮ್ಮಡಿ ಆಗುತ್ತದೆ. ಹೊಸ ಮರ ಹುಡುಕಬೇಕಿಲ್ಲ, ಖರ್ಚೂ ಇಲ್ಲ. ಜಾಸ್ತಿ ಕಾಯಿ ಬಿಟ್ಟ ಮರದ ಮುನ್ನೂರು ಸಸಿಯಲ್ಲಿ ಇನ್ನೂರೈವತ್ತನ್ನು ಬೇರೆ ಕಡೆಗೆ, ಶಾಲೆ ಕಚೇರಿ ಅಂಗಳಕ್ಕೆ ಕೊಟ್ಟುಬಿಡಿ. ಕಡಿಮೆ ಕಾಯಿ ಬಿಟ್ಟ ಮರದ ಹತ್ತೇ ಸಸಿಯನ್ನು ಕಣ್ಣಲ್ಲಿ ಕಣ್ಣಿಟ್ಟು ಉಳಿಸಿ ಕಾಡಿಗೆ ಒಯ್ಯಿರಿ. ಅಪ್ಪಂದಿರನ್ನು ನಾವು ಆರಿಸಲಾಗದು, ಅಮ್ಮಂದಿರನ್ನು ಆರಿಸಬಹುದು. ಆದರೆ ಸಸಿ ಕೊಡುವಾಗ ಉದ್ದ, ದಪ್ಪ, ಹಸಿರು ನೋಡಿ ಆರಿಸುವ ಚಾಳಿ ನಮ್ಮದು, ಅಲ್ಲಿಗೆ ಈ ಲೆಕ್ಕ ತಲೆಕೆಳಗು.

ಈ ಬೀಜಗಳನ್ನು ಕಾದಿಡೋಣ ಅಂದರೆ ಅದೂ ಆಗುವುದಿಲ್ಲ. ಜಡ್ಡಿಯ ಮರಗಳ ಬೀಜ ದೊಡ್ಡದು, ನೀರಿನಂಶ ಜಾಸ್ತಿ, ಒಣಗಿಸಿದರೆ ಸಾಯುತ್ತದೆ. ರಾಗಿ, ಭತ್ತದ ಹಾಗೆ ಒಣಗಿಸಿ ತಂಪು ಕೋಣೆಯಲ್ಲಿ ಇಡುವ ಮಾತೇ ಇಲ್ಲ. ಬಿದ್ದ ಕೆಲವೇ ವಾರದಲ್ಲಿ ಮಣ್ಣಿಗೆ ಹೋಗಬೇಕು. ಹಾಗಾಗಿ ಇವುಗಳ ಬೀಜ ಬ್ಯಾಂಕ್ ಅಂದರೆ ನಿಂತಿರುವ ಮರವೇ.

ಈಗ ಇದನ್ನೆಲ್ಲ ಯಾಕೆ ಹೇಳಬೇಕಾಯಿತು ಅಂದರೆ, ಶರಾವತಿ ಕಣಿವೆಯಲ್ಲಿ ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ 2000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯ, ಅಂದರೆ ಕೆಳಗಿನ ನೀರನ್ನು ಮೇಲೆತ್ತಿ ಬೇಕಾದಾಗ ಮತ್ತೆ ಇಳಿಸಿ ವಿದ್ಯುತ್ ಮಾಡುವ ಯೋಜನೆಯ, ಮಾತು ನಡೆದಿದೆ. ಜಾಗ ಸಿಂಗಳೀಕಗಳಿಗಾಗಿ 2019ರಲ್ಲಿ ವಿಸ್ತರಿಸಿದ ಅಭಯಾರಣ್ಯದೊಳಗೆ ಬರುತ್ತದೆ. ಜಗಳ ಎಲ್ಲ ಎಷ್ಟು ಸಾವಿರ ಮರ ಹೋಗುತ್ತದೆ, ಬದಲಿಗೆ ಎಷ್ಟು ನೆಡುತ್ತಾರೆ ಅನ್ನುವುದರ ಮೇಲೆ. ಪರ ಇರುವವರೂ ವಿರೋಧಿಸುವವರೂ ಇಬ್ಬರೂ ತಲೆಯನ್ನೇ ಎಣಿಸುತ್ತಿದ್ದಾರೆ. ಒಂದಕ್ಕೆ ಹತ್ತು ನೆಡುತ್ತೇವೆ ಅನ್ನುವ ಮಾತಿನಲ್ಲಿ ಆ ಹತ್ತು ಯಾರ ಮಕ್ಕಳು ಅನ್ನುವುದು ಎಲ್ಲೂ ಇಲ್ಲ. ಹೋಗುವ ಮರಗಳಲ್ಲಿ ಆ ಕಣಿವೆಯ ಯಾವ ಯಾವ ಗಂಡು ಮರಗಳಿವೆ, ಯಾವುದು ಎರಡು ತುಂಡುಗಳ ನಡುವೆ ಪರಾಗ ದಾಟಿಸುತ್ತಿತ್ತು ಅನ್ನುವುದೂ ಇಲ್ಲ.

2022ರ ಡಿಸೆಂಬರ್‌ನಲ್ಲಿ ಮಾಂಟ್ರಿಯಲ್‌ನಲ್ಲಿ ಒಪ್ಪಿಕೊಂಡ ಜಾಗತಿಕ ಜೀವವೈವಿಧ್ಯ ಒಪ್ಪಂದಕ್ಕೆ ಭಾರತವೂ ಸೇರಿದೆ. ಅದರ ಅಳತೆಗೋಲುಗಳಲ್ಲಿ ಒಂದು, ಒಂದು ಜಾತಿಯ ಎಷ್ಟು ಗುಂಪುಗಳಲ್ಲಿ ಲೆಕ್ಕಕ್ಕೆ ಬರುವ ಸಂಖ್ಯೆ 500ಕ್ಕಿಂತ ಮೇಲಿದೆ ಅನ್ನುವುದು. ಹತ್ತನೇ ಒಂದರ ಅಂದಾಜಿನಲ್ಲಿ ಹೇಳುವುದಾದರೆ ಒಂದೊಂದು ಗುಂಪಿನಲ್ಲಿ 5000 ಬೆಳೆದ ಮರ. ಕತ್ತಲೆಕಾನಿನ ಗೇರು ಜಾತಿಯ ಆ ಮರಕ್ಕೆ ಅದು ಕನಸಿನ ಮಾತು, ಬಿಡಿ. ಆದರೆ ಈ ಅಳತೆಗೆ ಬೇಕಾದ ಮೊದಲ ಕೆಲಸಕ್ಕೆ ಡಿಎನ್‌ಎ ಲ್ಯಾಬೂ ಬೇಡ. ಹೂ ಬಿಡುವ ಕಾಲಕ್ಕೆ ಜಡ್ಡಿಗೆ ಹೋಗಿ ಪ್ರತಿ ಮರಕ್ಕೂ ನಂಬರ್ ಹಾಕಿ, ಗಂಡೋ ಹೆಣ್ಣೋ ಬರೆದುಕೊಳ್ಳಬೇಕು. ಕಾಯಿ ಬಿಡುವ ಕಾಲಕ್ಕೆ ಇನ್ನೊಮ್ಮೆ ಹೋಗಿ ಯಾವ ನಂಬರಿನಲ್ಲಿ ಎಷ್ಟು ಅಂತ ನೋಡಬೇಕು. ನರ್ಸರಿಯ ರಿಜಿಸ್ಟರಿನಲ್ಲಿ ಜಾತಿಯ ಹೆಸರು, ಬಿತ್ತಿದ ತಾರೀಖು, ಸಸಿಗಳ ಸಂಖ್ಯೆ ಈಗಾಗಲೇ ಬರೆಯುತ್ತಾರೆ. ಅದರ ಪಕ್ಕ ತಾಯಿಮರದ ನಂಬರ್ ಅಂತ ಇನ್ನೊಂದು ಕಾಲಂ ಎಳೆದು, ಅದೇ ನಂಬರನ್ನು ಕೊಟ್ಟೆಯ ಮೇಲೂ ಬರೆದು, ನೆಟ್ಟ ಗುಂಡಿಯ ತನಕ ಆ ನಂಬರ್ ತಪ್ಪದಂತೆ ನೋಡಿಕೊಳ್ಳಬೇಕು.